ಬಿಲ್ಟ್-ಇನ್ ಫ್ರಿಡ್ಜ್ ತಣ್ಣಗಾಗ್ತಿಲ್ಲ, ಗ್ಯಾಸ್ ತುಂಬಿಸೋ ಮೊದಲು ಮನೆಯಲ್ಲೇ ಏನೇನು ನೋಡಬೇಕು?

ಬನಶಂಕರಿ ಮನೆ | ಏಪ್ರಿಲ್ 6, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬೆಳಿಗ್ಗೆ ಕಾಯಿಸಲು ಇಟ್ಟ ಹಾಲು ಒಡೆದು ಹೋಗ್ತಿದೆ. ಮೊದಲ ದಿನ ಹಾಲೇ ಸರಿಯಿಲ್ಲ ಅಂದುಕೊಂಡೆ. ಎರಡನೇ ದಿನ, ಹಿಂದಿನ ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಫ್ರಿಡ್ಜಲ್ಲೇ ಉಕ್ಕಿ ಡಬ್ಬದ ಮುಚ್ಚಳ ಎತ್ತಿತ್ತು. ಆಗ ಗಾಬರಿಯಾಯಿತು.

ಮೂರು ವರ್ಷದ ಹಿಂದೆ ಅಡುಗೆಮನೆ ಮಾಡಿಸುವಾಗ ಟಾಲ್ ಯೂನಿಟ್ ಒಳಗೆ ಕೂರಿಸಿದ ಫ್ರಿಡ್ಜ್ ಇದು. ಅದರ ಬಾಗಿಲಿಗೆ ಕಪಾಟಿನ ಬಾಗಿಲನ್ನೇ ಜೋಡಿಸಿದ್ದಾರೆ, ಹೊರಗಿನಿಂದ ನೋಡಿದವರಿಗೆ ಫ್ರಿಡ್ಜ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಈಗ ಪಕ್ಕದ ಹಲಗೆ ಮುಟ್ಟಿದರೆ ಬೆಚ್ಚಗಿದೆ. ಕಂಪ್ರೆಸರ್ ನಿಲ್ಲೋದೇ ಇಲ್ಲ, ರಾತ್ರಿಯಿಡೀ ಗುಯ್ ಅಂತ ಓಡ್ತಾನೇ ಇರುತ್ತೆ. ಡಿಸ್‌ಪ್ಲೇ ಮಾತ್ರ 4 ಡಿಗ್ರಿ ಅಂತ ತೋರಿಸ್ತಿದೆ.

ನಿನ್ನೆ ಒಬ್ಬರು ಸರ್ವಿಸ್‌ನವರು ಬಂದು ಬಾಗಿಲು ತೆಗೆದು ನೋಡಿ, "ಗ್ಯಾಸ್ ಹೋಗಿದೆ ಮೇಡಂ, ಗೂಡಿಂದ ಹೊರಗೆ ಎಳೆದು ತುಂಬಿಸಬೇಕು, ಆರೂವರೆ ಸಾವಿರ ಆಗುತ್ತೆ" ಅಂದರು. ಐದು ನಿಮಿಷವೂ ನೋಡಲಿಲ್ಲ. ದುಡ್ಡಿಗಿಂತ ಹೆಚ್ಚಿನ ಚಿಂತೆ ನಮ್ಮ ಅತ್ತೆಯವರ ಇನ್ಸುಲಿನ್‌ದು, ಅದೂ ಇದೇ ಫ್ರಿಡ್ಜಲ್ಲಿದೆ. ತಿಳಿದವರು ದಯವಿಟ್ಟು ಹೇಳಿ.

ಜಯನಗರ ನಿವೃತ್ತ | ಏಪ್ರಿಲ್ 6, ಬೆಳಿಗ್ಗೆ 7:48

ಮೊದಲು ಇನ್ಸುಲಿನ್ ವಿಷಯ ನೋಡಿಕೊಳ್ಳಿ ತಾಯಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಇವತ್ತೇ ಅದನ್ನು ಪಕ್ಕದ ಮನೆಯ ಫ್ರಿಡ್ಜ್‌ಗೆ ಕೊಟ್ಟುಬಿಡಿ. ಹಿಂದಿನ ಗೋಡೆಗೆ ತಾಗದ ಹಾಗೆ ಇಡಲು ಹೇಳಿ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಈ ಮೂರು ದಿನ ಬಿಸಿಯಲ್ಲಿದ್ದದ್ದನ್ನು ಬಳಸಬಹುದೇ ಎಂದು ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿಯೇ ಮುಂದುವರಿಯಿರಿ.

ಡಿಸ್‌ಪ್ಲೇ ತೋರಿಸುವ 4 ನೀವು ಇಟ್ಟ ಗುರಿ ಇರಬಹುದು. ಒಳಗಿನ ನಿಜವಾದ ಉಷ್ಣತೆ ತಿಳಿಯಬೇಕಾದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ, ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿ. ಗಾಳಿಯ ಉಷ್ಣತೆ ಬಾಗಿಲು ತೆಗೆದ ಕೂಡಲೇ ಏರಿಬಿಡುತ್ತದೆ, ನೀರಿನದು ಅಷ್ಟು ಬೇಗ ಬದಲಾಗುವುದಿಲ್ಲ. ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತಂತಿಯ ತುದಿಗೆ ಸೆನ್ಸರ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ.

ಹುಬ್ಬಳ್ಳಿ ಮೆಕ್ಯಾನಿಕ್ | ಏಪ್ರಿಲ್ 6, ಬೆಳಿಗ್ಗೆ 9:25

ಅಕ್ಕಾರ, ನಾ ಯಶವಂತಪುರದಾಗ ಫ್ರಿಡ್ಜ್, ಎಸಿ ರಿಪೇರಿ ಮಾಡಾಕ ಹತ್ತಿ ಹದಿನೆಂಟ ವರ್ಷ ಆತು. ಗ್ಯಾಸ್ ಅಂದ್ರ ಗಾಡಿ ಪೆಟ್ರೋಲ್ ಇದ್ದಂಗ ಅಲ್ರಿ, ಓಡಿದಂಗ ಖಾಲಿ ಆಗಾಕ. ಮುಚ್ಚಿದ ಪೈಪಿನಾಗ ಸುತ್ತಾ ಇರತೈತಿ, ಎಲ್ಲೆರ ತೂತ ಬಿದ್ರ ಮಾತ್ರ ಹೊರಗ ಹೋಗತೈತಿ. ತೂತ ಎಲ್ಲೈತಿ ಅಂತ ತೋರಿಸದ ಗ್ಯಾಸ್ ತುಂಬತೀನಿ ಅಂದವ್ರಿಗೆ ಹೂಂ ಅನಬ್ಯಾಡ್ರಿ.

ಗೂಡಿನಾಗಿನ ಫ್ರಿಡ್ಜ್ ಕೆಟ್ಟೈತಿ ಅಂತ ಕರದ್ರ ನಾ ಮದಲ ನೋಡೋದು ಗಾಳಿ. ಫ್ರಿಡ್ಜ್ ಒಳಗಿನ ಬಿಸಿ ತಗದು ಹೊರಗ ಬಿಡತೈತಿ, ಅಷ್ಟ ಅದರ ಕೆಲಸ. ಬ್ಯಾರೆ ಫ್ರಿಡ್ಜ್ ಆ ಬಿಸಿ ಅಡಗಿಮನಿಗೆ ಬಿಡತೈತಿ. ನಿಮ್ಮದು ಗೂಡಿನಾಗ ಐತಿ. ತಳದಾಗ ಸ್ಕರ್ಟಿಂಗ್, ಅಂದ್ರ ಯೂನಿಟ್ ಕಾಲ ಮುಚ್ಚೋ ಪಟ್ಟಿ, ಅದರ ಸಂದಿಂದ ತಣ್ಣನ ಗಾಳಿ ಒಳಗ ಹೋಗಬೇಕು, ಬೆನ್ನಿನ ಹಿಂದ ಮ್ಯಾಲ ಏರಬೇಕು, ನೆತ್ತಿ ಮ್ಯಾಲಿಂದ ಬಿಸಿಯಾಗಿ ಹೊರಗ ಬರಬೇಕು. ಎರಡರಾಗ ಒಂದ ಬಾಯಿ ಮುಚ್ಚಿದ್ರೂ ಕಂಪ್ರೆಸರ್ ನಿಲ್ಲದ ಓಡತೈತಿ, ತಂಪ ಮಾತ್ರ ಆಗಂಗಿಲ್ಲ. ಸ್ಕರ್ಟಿಂಗ್ ಕಿತ್ತು ನೋಡ್ರಿ. ಆಮ್ಯಾಲ ಯೂನಿಟ್ ನೆತ್ತಿ ಮ್ಯಾಲ ಕೈ ಇಟ್ಟ ನೋಡ್ರಿ, ಬೆಚ್ಚನ ಗಾಳಿ ಬರತೈತಿ ಇಲ್ಲೋ ಅಂತ. ನೋಡಿ ಇಲ್ಲಿ ಬರೀರಿ.

ಆರ್‌.ಟಿ. ನಗರ 2ನೇ ಬ್ಲಾಕ್ | ಏಪ್ರಿಲ್ 6, ಬೆಳಿಗ್ಗೆ 9:40

ಗಾಳಿ ಒಳಗೆ ಹೋಗುತ್ತಾ ಅಂತ ನೋಡೋಕೆ ಊದಿನಕಡ್ಡಿ ಹಚ್ಚಿ ಸ್ಕರ್ಟಿಂಗ್ ಹತ್ತಿರ ಹಿಡಿಯಿರಿ, ಹೊಗೆ ಒಳಗೆ ಎಳೆದುಕೊಂಡರೆ ಸರಿ ಇದೆ ಅಂತ.

ಜಯನಗರ ನಿವೃತ್ತ | ಏಪ್ರಿಲ್ 6, ಬೆಳಿಗ್ಗೆ 9:52

ದಯವಿಟ್ಟು ಬೇಡ. ಈಗಿನ ಬಹುಪಾಲು ಮನೆಬಳಕೆಯ ಫ್ರಿಡ್ಜ್‌ಗಳಲ್ಲಿ ಇರುವುದು ಆರ್‌600ಎ, ಅಂದರೆ ಐಸೋಬ್ಯುಟೇನ್. ನಮ್ಮ ಅಡುಗೆ ಸಿಲಿಂಡರಿನ ಅನಿಲದ ಜಾತಿಯದೇ, ಬೆಂಕಿ ಹತ್ತುವಂಥದ್ದು. ಫ್ರಿಡ್ಜಿನಲ್ಲಿ ಕೆಲವೇ ಹತ್ತಾರು ಗ್ರಾಂ ಇರುತ್ತದೆ, ಸೋರದಿದ್ದರೆ ಅಪಾಯವಿಲ್ಲ. ಆದರೆ ಸೋರಿದೆ ಎಂದು ಒಬ್ಬರು ಹೇಳಿ ಹೋದ ಮೇಲೆ ಅಲ್ಲಿ ಕಿಡಿ ಹಿಡಿಯುವುದು ಸರಿಯಲ್ಲ. ತೆಳ್ಳಗಿನ ಟಿಶ್ಯೂ ಪೇಪರಿನ ಒಂದು ಪಟ್ಟಿ ಹಿಡಿದರೆ ಸಾಕು, ಗಾಳಿ ಇದ್ದರೆ ಒಳಕ್ಕೆ ವಾಲುತ್ತದೆ. ಯಾವ ಅನಿಲ ಎನ್ನುವುದು ತರಕಾರಿ ಡ್ರಾಯರ್ ಪಕ್ಕದ ಗೋಡೆಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಇದೇ ಕಾರಣಕ್ಕೆ ಫ್ರೀಜರ್‌ನ ಮಂಜನ್ನು ಚಾಕುವಿನಿಂದ ಕೆರೆಯಬೇಡಿ. ಪೈಪ್ ತೂತಾದರೆ ಅನಿಲವೂ ಹೋಯಿತು, ಫ್ರಿಡ್ಜೂ ಹೋಯಿತು.

ಆರ್‌.ಟಿ. ನಗರ 2ನೇ ಬ್ಲಾಕ್ | ಏಪ್ರಿಲ್ 6, ಬೆಳಿಗ್ಗೆ 9:58

ಇದು ಗೊತ್ತಿರಲಿಲ್ಲ ಸರ್. ಯಾರೂ ಊದಿನಕಡ್ಡಿ ಹಿಡಿಯಬೇಡಿ.

ಬನಶಂಕರಿ ಮನೆ | ಏಪ್ರಿಲ್ 6, ರಾತ್ರಿ 9:30

ಇನ್ಸುಲಿನ್ ಎದುರು ಮನೆಗೆ ಕೊಟ್ಟಾಯಿತು. ಡಾಕ್ಟರನ್ನು ಕೇಳಿ ಹೊಸದೇ ತಂದುಬಿಟ್ಟೆವು. ಸಂಜೆ ಯಜಮಾನರು ಬಂದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಸ್ಕರ್ಟಿಂಗ್ ತೆಗೆದೆವು. ಅಲ್ಲಿ ಕಂಡದ್ದನ್ನು ಹೇಳಲೇಬೇಕು.

ನೆಲಕ್ಕೆ ಕಂಬಳಿ ಹಾಸಿದ ಹಾಗೆ ಧೂಳು. ಬೆರಳಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಬರ್ತಿತ್ತು, ಎಣ್ಣೆ ಜಿಡ್ಡಿಗೆ ಅಂಟಿ ಗಟ್ಟಿಯಾಗಿತ್ತು. ಅದರೊಳಗೆ ಈರುಳ್ಳಿ ಸಿಪ್ಪೆ, ಕರಿಬೇವಿನ ಕಡ್ಡಿ, ಮಗನ ಒಂದು ಗೋಲಿ. ಅದಕ್ಕಿಂತ ಬೇಸರವಾದದ್ದು ಸ್ಕರ್ಟಿಂಗ್ ನೋಡಿ. ಗಾಳಿಗೆ ಅಂತ ಕೊರೆದ ಉದ್ದದ ಸೀಳು ಅದರಲ್ಲಿತ್ತು. ಆದರೆ ಅಡುಗೆಮನೆ ಮಾಡಿದವರು ಒಳಗಡೆಯಿಂದ ಲ್ಯಾಮಿನೇಟ್ ಪಟ್ಟಿ ಅಂಟಿಸಿ, ಸುತ್ತ ಸಿಲಿಕಾನ್ ಹೊಡೆದು ಮುಚ್ಚಿದ್ದರು. ಜಿರಲೆ ಬರದಿರಲಿ ಅಂತ ಹಾಗೆ ಮಾಡಿರಬೇಕು.

ಆಮೇಲೆ ಸ್ಟೂಲ್ ಹತ್ತಿ ಯೂನಿಟ್ ನೆತ್ತಿ ನೋಡಿದೆ. ಅಲ್ಲಿ ತಪ್ಪು ನನ್ನದೇ. ದಸರಾ ಗೊಂಬೆಗಳ ನಾಲ್ಕು ರಟ್ಟಿನ ಡಬ್ಬ ಸಾಲಾಗಿ ಜೋಡಿಸಿದ್ದೆ, ಸರಿಯಾಗಿ ಹಿಂದಿನ ಜಾಲರಿಯ ಮೇಲೆ. ಅದು ಗಾಳಿ ಹೊರಗೆ ಬರುವ ಬಾಯಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಡಬ್ಬಗಳ ತಳದ ರಟ್ಟು ಬಿಸಿಗೆ ಒಣಗಿ ಗರಿಗರಿ ಆಗಿತ್ತು. ಪಟ್ಟದ ಗೊಂಬೆಗೆ ಏನೂ ಆಗಿಲ್ಲ.

ಎಲ್ಲಾ ತೆಗೆದು ವ್ಯಾಕ್ಯೂಮ್ ಮಾಡಿ, ಲ್ಯಾಮಿನೇಟ್ ಪಟ್ಟಿ ಕಿತ್ತು, ಈಗ ಸ್ವಿಚ್ ಹಾಕಿದ್ದೇವೆ. ಥರ್ಮಾಮೀಟರ್ ಲೋಟದಲ್ಲಿದೆ. ಸದ್ಯ 11.4 ತೋರಿಸ್ತಿದೆ.

ಹೆಬ್ಬಾಳ ಇಂಟೀರಿಯರ್ | ಏಪ್ರಿಲ್ 6, ರಾತ್ರಿ 10:15

ಮೇಡಂ, ಹನ್ನೊಂದು ವರ್ಷದಿಂದ ಅಡುಗೆಮನೆ ವಿನ್ಯಾಸ ಮಾಡ್ತಿದ್ದೀನಿ. ನಮ್ಮ ಕಸುಬಿನವರು ಮಾಡಿದ ಕೆಲಸ ಇದು ಅಂತ ಓದಿ ಸಂಕಟವಾಯಿತು. ಲೆಕ್ಕ ಹೇಳ್ತೀನಿ, ಮನೆ ಮಾಡಿಸ್ತಿರುವವರು ಇಟ್ಟುಕೊಳ್ಳಿ. ಯುರೋಪಿನ ಅಳತೆಯ ಗೂಡು 56 ಸೆಂಟಿಮೀಟರ್ ಅಗಲ, ದೊಡ್ಡ ಮಾಡೆಲ್‌ಗೆ ಸುಮಾರು 178 ಸೆಂಟಿಮೀಟರ್ ಎತ್ತರ. ಬಾಷ್, ಸೀಮೆನ್ಸ್, ಲೀಬ್‌ಹರ್ ಕೈಪಿಡಿಗಳಲ್ಲಿ ಗಾಳಿಗೆ ಕನಿಷ್ಠ 200 ಚದರ ಸೆಂಟಿಮೀಟರ್ ದಾರಿ ಬಿಡಿ ಅಂತ ಬರೆದಿರುತ್ತೆ. 56 ಅಗಲಕ್ಕೆ ಸುಮಾರು 3.6 ಸೆಂಟಿಮೀಟರ್ ಎತ್ತರದ ಸೀಳು ಪೂರ್ತಿ ತೆರೆದಿದ್ದರೆ ಅಷ್ಟಾಗುತ್ತೆ. ಅದಕ್ಕೆ ಅಂದದ ಜಾಲರಿ ಹಾಕಿದರೆ ಪಟ್ಟಿಗಳೇ ಅರ್ಧ ಜಾಗ ತಿನ್ನುತ್ತವೆ, ಆಗ ಸೀಳು ಇನ್ನೂ ದೊಡ್ಡದು ಬೇಕು. ಫ್ರಿಡ್ಜ್ ಹಿಂದೆ ಕಪಾಟಿನ ಬೆನ್ನು ಹಲಗೆಯೂ ಇರಬಾರದು.

ಜಿರಲೆ ಭಯಕ್ಕೆ ಮುಚ್ಚೋದು ಬೇಡ. ಕಣ್ಣು ದೊಡ್ಡದಿರುವ ಸ್ಟೀಲ್ ಜಾಲರಿ ಹಾಕಿ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದು ಬೇಡ, ಎರಡೇ ತಿಂಗಳಲ್ಲಿ ಜಿಡ್ಡು ಕಟ್ಟಿ ಗೋಡೆ ಆಗಿಬಿಡುತ್ತೆ. ಜಿರಲೆಗೆ ಜೆಲ್ ಮದ್ದನ್ನು ಮೂಲೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಡಿಸಿ, ಸ್ಪ್ರೇ ಹೊಡೆಯಬೇಡಿ.

ಬನಶಂಕರಿ ಮನೆ | ಏಪ್ರಿಲ್ 7, ಬೆಳಿಗ್ಗೆ 6:05

5.2!! ಹಾಲು ಒಡೆಯಲಿಲ್ಲ. ಕಂಪ್ರೆಸರ್ ನಿಂತಿದೆ. ಎಷ್ಟೋ ದಿನದ ಮೇಲೆ ಅಡುಗೆಮನೆ ನಿಶ್ಶಬ್ದವಾಗಿದೆ, ಕಾಫಿ ಲೋಟ ಹಿಡಿದು ಸುಮ್ಮನೆ ನಿಂತು ಕೇಳಿದೆ.

ಹುಬ್ಬಳ್ಳಿ ಮೆಕ್ಯಾನಿಕ್ | ಏಪ್ರಿಲ್ 7, ಬೆಳಿಗ್ಗೆ 8:30

ಭಾಳ ಛಲೋ ಆತ್ರಿ ಅಕ್ಕಾರ. ಇನ್ನೊಂದ ದಿನ ಬಿಡ್ರಿ, 4ಕ್ಕ ಬರತೈತಿ. ಫ್ರೀಜರ್ ಮೈನಸ್ 18 ಇರಬೇಕು, ಅದನ್ನೂ ಎರಡ ಹೆಪ್ಪಗಟ್ಟಿದ ಪಾಕೀಟಿನ ನಡಕ ಥರ್ಮಾಮೀಟರ್ ಇಟ್ಟ ನೋಡ್ರಿ.

ಎಲ್ಲಾರಿಗೂ ಒಂದ ಮಾತ. ನಿಮ್ಮ ಫ್ರಿಡ್ಜಿನ ಕಂಡೆನ್ಸರ್, ಅಂದ್ರ ಬಿಸಿ ಹೊರಗ ಬಿಡೋ ಪೈಪಿನ ಭಾಗ, ಎಲ್ಲೈತಿ ಅಂತ ಮದಲ ತಿಳ್ಕೋರಿ. ಅಮೆರಿಕದ ನಮೂನಿ ದೊಡ್ಡ ಬಿಲ್ಟ್-ಇನ್‌ನಾಗ ಭಾಳ ಸಲ ನೆತ್ತಿ ಮ್ಯಾಲ ಇರತೈತಿ, ಮುಂದಿನ ಜಾಲರಿ ಎತ್ತಿದ್ರ ಕಾಣತೈತಿ. ಕೆಲವಕ್ಕ ತಳದಾಗ, ಫ್ಯಾನ್ ಜೋಡಿ. ಯುರೋಪಿನ ನಮೂನಿದ್ರಾಗ ಭಾಳ ಮಟ್ಟಿಗೆ ಬೆನ್ನಿಗೆ ಕರೇ ಜಾಲರಿ ಇರತೈತಿ, ಅದನ್ನ ಎಳೀದ ಒರಸಾಕ ಆಗಂಗಿಲ್ಲ, ಎಳ್ಯಾಕ ಹೋಗಲೂಬ್ಯಾಡ್ರಿ. ಬಾಗಿಲ ಭಾರಕ್ಕ ಮುಂದ ಮಗುಚತೈತಿ. ಇಬ್ಬರು ತಿಳದವ್ರು ಬೇಕು, ಗೂಡಿಗೆ ಹಿಡಿದ ಸ್ಕ್ರೂ ಬಿಚ್ಚಬೇಕು. ಅಂಥಾದ್ದಕ್ಕ ನೀವು ಗಾಳಿ ಬಾಯಿ ಎರಡೂ ಸ್ವಚ್ಛ ಇಟ್ರ ಸಾಕು.

ಕೈಗೆ ಸಿಗೋ ಕಂಡೆನ್ಸರ್ ಇದ್ರ, ಮದಲ ಕರೆಂಟ್ ಬಂದ್ ಮಾಡ್ರಿ. ಮೆತ್ತನ ಬ್ರಷ್, ವ್ಯಾಕ್ಯೂಮ್. ರೆಕ್ಕಿ ಯಾ ಕಡಿಗೆ ನಿಂತಾವೋ ಅದೇ ಕಡಿಗೆ ಬ್ರಷ್ ಆಡಸ್ರಿ, ಅಡ್ಡ ಎಳದ್ರ ಬಗ್ಗತಾವು, ಮತ್ತ ಕೈ ಕೊಯ್ಯತಾವು. ನೀರ ಹೊಡೀಬ್ಯಾಡ್ರಿ.

ಕೋರಮಂಗಲ ಬೆಕ್ಕಿನ ಮನೆ | ಏಪ್ರಿಲ್ 7, ಬೆಳಿಗ್ಗೆ 10:20

ಎಷ್ಟು ದಿನಕ್ಕೊಮ್ಮೆ ಮಾಡಬೇಕು? ನಮ್ಮಲ್ಲಿ ಎರಡು ಬೆಕ್ಕಿವೆ.

ಹುಬ್ಬಳ್ಳಿ ಮೆಕ್ಯಾನಿಕ್ | ಏಪ್ರಿಲ್ 7, ಬೆಳಿಗ್ಗೆ 10:31

ಬೆಕ್ಕ, ನಾಯಿ ಇದ್ರ ಮೂರ ತಿಂಗಳಿಗೊಮ್ಮೆ. ಇಲ್ಲಂದ್ರ ಆರ ತಿಂಗಳಿಗೊಮ್ಮೆ. ಪಕ್ಕದಾಗ ಕಟ್ಟಡ ಕೆಲಸ ನಡದಿದ್ರ ಕೆಲಸ ಮುಗಿಯೂ ಮಟ ತಿಂಗಳಿಗೊಮ್ಮೆ ಜಾಲರಿ ಒರಸ್ರಿ. ಬೆಂಗಳೂರಾಗ ಒಂದಿಲ್ಲೊಂದ ಕಡೆ ಸಿಮೆಂಟ್ ಧೂಳ ಇದ್ದೇ ಇರತೈತಿ.

ಮಲ್ಲೇಶ್ವರ 15ನೇ ಅಡ್ಡರಸ್ತೆ | ಏಪ್ರಿಲ್ 7, ಮಧ್ಯಾಹ್ನ 12:40

ಆರು ತಿಂಗಳ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ನಮ್ಮ ಮನೆಯಲ್ಲಿ ಯುಗಾದಿಗೊಮ್ಮೆ, ಆಯುಧ ಪೂಜೆಗೊಮ್ಮೆ ಮಾಡುತ್ತೇವೆ. ಎರಡರ ನಡುವೆ ಹೆಚ್ಚುಕಡಿಮೆ ಆರು ತಿಂಗಳೇ ಬರುತ್ತೆ. ಯುಗಾದಿಗೆ ಮಾಡಿದರೆ ಬಿಸಿಲು ಏರುವ ಹೊತ್ತಿಗೆ ಫ್ರಿಡ್ಜ್ ತಯಾರು. ಆಯುಧ ಪೂಜೆಗೆ ಹೇಗೂ ಮಿಕ್ಸಿ, ಗ್ರೈಂಡರ್, ಸ್ಕೂಟರ್ ಎಲ್ಲ ತೊಳೆದು ಕುಂಕುಮ ಇಡುತ್ತೇವಲ್ಲ, ಫ್ರಿಡ್ಜನ್ನೂ ಅದರ ಜೊತೆ ಸೇರಿಸಿಕೊಳ್ಳಿ.

ಬಾಗಿಲ ರಬ್ಬರ್ ಮಾತ್ರ ನಾನು ಹದಿನೈದು ದಿನಕ್ಕೊಮ್ಮೆ ಒರೆಸುತ್ತೇನೆ. ಹಿಟ್ಟಿನ ಪಾತ್ರೆ ತೆಗೆಯುವಾಗ ಒಂದು ಹನಿ ಬಿದ್ದರೆ ಸಾಕು, ಮಡಿಕೆಯೊಳಗೆ ಒಣಗಿ ಕಲ್ಲಾಗುತ್ತೆ. ಉಗುರು ಬೆಚ್ಚಗಿನ ನೀರು, ಪಾತ್ರೆ ಸೋಪಿನ ನಾಲ್ಕು ಹನಿ, ಹಳೆ ಹಲ್ಲುಜ್ಜುವ ಬ್ರಷ್. ಆಮೇಲೆ ಒಣ ಬಟ್ಟೆ. ಕೊನೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ರಬ್ಬರ್ ಮೃದುವಾಗಿರುತ್ತೆ.

ಹುಬ್ಬಳ್ಳಿ ಮೆಕ್ಯಾನಿಕ್ | ಏಪ್ರಿಲ್ 7, ಮಧ್ಯಾಹ್ನ 1:15

ಅಮ್ಮಾರ, ಎಲ್ಲಾ ಖರೆ, ಎಣ್ಣಿ ಒಂದ ಬಿಡ್ರಿ. ಎಣ್ಣಿಗೆ ಧೂಳ ಅಂಟತೈತಿ, ದಿನಾ ಹೋದಂಗ ರಬ್ಬರ್ ಊದಿ ಸಡಲ ಆಗತೈತಿ. ಒಣಾ ಬಟ್ಟಿ ಸಾಕು.

ಮಲ್ಲೇಶ್ವರ 15ನೇ ಅಡ್ಡರಸ್ತೆ | ಏಪ್ರಿಲ್ 7, ಮಧ್ಯಾಹ್ನ 1:22

ಸರಿ ಕಣಪ್ಪಾ, ಬಿಟ್ಟೆ. ಹೋದ ಸಲ ರಬ್ಬರ್ ಬದಲಾಯಿಸಬೇಕಾಗಿ ಬಂದದ್ದು ಯಾಕೆ ಅಂತ ಈಗ ಅರ್ಥವಾಯಿತು.

ಹೆಬ್ಬಾಳ ಇಂಟೀರಿಯರ್ | ಏಪ್ರಿಲ್ 7, ಮಧ್ಯಾಹ್ನ 2:05

ರಬ್ಬರ್ ಚೆನ್ನಾಗಿದ್ದರೂ ಬಾಗಿಲು ಕೂರದೆ ಇರಬಹುದು, ಬಿಲ್ಟ್-ಇನ್‌ನಲ್ಲಿ ಅದೇ ಹೆಚ್ಚು. ಕಪಾಟಿನ ಬಾಗಿಲು ಫ್ರಿಡ್ಜ್ ಬಾಗಿಲಿಗೆ ಜೋಡಿಸಿರುತ್ತಲ್ಲ, ಮಳೆಗಾಲದಲ್ಲಿ ಪ್ಲೈ ಸ್ವಲ್ಪ ಊದಿ ಪಕ್ಕದ ಬಾಗಿಲಿಗೆ ತಾಗುತ್ತೆ. ಮುಚ್ಚಿದ ಹಾಗೆ ಕಂಡರೂ ಒಳಗಿನದು ಕೂದಲೆಳೆಯಷ್ಟು ತೆರೆದೇ ಇರುತ್ತೆ. ಒಂದು ಕಾಗದ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸರಾಗವಾಗಿ ಬಂದರೆ ಅಲ್ಲಿ ಸಂದಿ ಇದೆ. ನಾಲ್ಕೂ ಬದಿ, ಮೂಲೆಗಳಲ್ಲಿ ವಿಶೇಷವಾಗಿ ನೋಡಿ. ರಬ್ಬರೇ ಒಂದು ಕಡೆ ಒಳಗೆ ಮಡಿಚಿಕೊಂಡಿದ್ದರೆ ಹೇರ್ ಡ್ರೈಯರ್‌ನ ಹದ ಬಿಸಿ ಕೊಟ್ಟು ಬೆರಳಲ್ಲಿ ಎಳೆದು ಕೂರಿಸಬಹುದು. ಬಾಗಿಲ ಹಲಗೆ ವಾಲಿದ್ದರೆ ಸ್ಕ್ರೂ ಹೊಂದಿಸಲು ಬಡಗಿ ಸಾಕು.

ಫ್ರಿಡ್ಜ್ ಇರುವ ಯೂನಿಟ್‌ಗೆ 710 ಪ್ಲೈ ಕೇಳಿ. ಐಎಸ್ 710 ಅಂತ ಹಲಗೆ ಮೇಲೆ ಮುದ್ರೆ ಇರುತ್ತೆ, ನೀರು ತಡೆಯುವ ಮೆರೈನ್ ಪ್ಲೈ ಅದು.

ವೈಟ್‌ಫೀಲ್ಡ್ ಬೋರ್‌ವೆಲ್ | ಏಪ್ರಿಲ್ 7, ಸಂಜೆ 6:50

ಐಸ್ ಬರುವ ಮಾಡೆಲ್ ಇರುವವರಿಗೆ ಒಂದು ಮಾತು. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಒಂದೇ ವರ್ಷಕ್ಕೆ ಐಸ್ ತುಂಡು ಸಣ್ಣಗಾಗ್ತಾ ಬಂದು ಕೊನೆಗೆ ನಿಂತೇ ಹೋಯಿತು. ಬಿಚ್ಚಿಸಿದಾಗ ನೀರು ಒಳಬರುವ ವಾಲ್ವ್ ತುಂಬ ಬಿಳಿ ಸುಣ್ಣದಂಥ ಪದರ. ಫಿಲ್ಟರ್ ಆರು ತಿಂಗಳಿಗೊಮ್ಮೆ ಬದಲಿಸಿದ್ದೆವು, ಆದರೆ ಅದರೊಳಗಿನ ಇದ್ದಿಲು ಕ್ಲೋರಿನ್, ವಾಸನೆ ತೆಗೆಯುತ್ತೆ, ನೀರಿನ ಗಡಸುತನ ಇಳಿಸಲ್ಲ. ಈಗ ಆರ್‌ಓ ನೀರು ಕೊಟ್ಟಿದ್ದೇವೆ. ಆರ್‌ಓ ಆದ ಮೇಲೆ ನೀರಿನ ಒತ್ತಡ ಸಾಲದೇ ಮತ್ತೆ ಐಸ್ ಬರಲಿಲ್ಲ, ಒಂದು ಚಿಕ್ಕ ಬೂಸ್ಟರ್ ಪಂಪ್ ಹಾಕಿಸಿದ ಮೇಲೆ ಸರಿಹೋಯಿತು. ಊರಿಗೆ ಹೋಗಿ ಬಂದರೆ ಮೊದಲ ಸಲದ ಐಸ್ ಚೆಲ್ಲಿಬಿಡಿ.

ಆರೋಗ್ಯ ಸ್ವಯಂಸೇವಕಿ, ಪೀಣ್ಯ | ಏಪ್ರಿಲ್ 7, ರಾತ್ರಿ 8:10

ಇಷ್ಟು ಹೊತ್ತು ಓದಿದೆ, ಫ್ರಿಡ್ಜ್ ಹಿಂದಿನ ನೀರಿನ ಟ್ರೇ ಬಗ್ಗೆ ಯಾರೂ ಹೇಳಲಿಲ್ಲ. ಒಳಗಿನ ಮಂಜು ಕರಗಿದ ನೀರು ಒಂದು ತೂತಿನಿಂದ ಇಳಿದು ಕಂಪ್ರೆಸರ್ ಮೇಲಿನ ಟ್ರೇಗೆ ಬೀಳುತ್ತೆ, ಕಂಪ್ರೆಸರ್ ಬಿಸಿಗೆ ಆವಿಯಾಗುತ್ತೆ. ಆರದೆ ನಿಂತರೆ ಅಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮನೆಮನೆ ಸಮೀಕ್ಷೆಗೆ ಹೋದಾಗ ಹೂಕುಂಡದ ತಟ್ಟೆ, ಟೈರ್ ಆದ ಮೇಲೆ ನಾವು ಕೇಳೋದು ಫ್ರಿಡ್ಜ್ ಟ್ರೇನೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ವರ್ಷ ನಾನೇ ಎಷ್ಟೋ ಟ್ರೇಗಳಲ್ಲಿ ಮರಿಹುಳು ಕುಣಿಯೋದು ಕಂಡಿದ್ದೇನೆ. ಟ್ರೇ ಕೈಗೆ ಸಿಗುವವರು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ಒಣಗಿಸಿ. ಉಜ್ಜೋದು ಮುಖ್ಯ, ಈಡಿಸ್ ಮೊಟ್ಟೆ ಒಣಗಿದ ಟ್ರೇಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತೆ. ಗೂಡಿನೊಳಗಿನ ಫ್ರಿಡ್ಜ್‌ದು ಕೈಗೆ ಸಿಗಲ್ಲ ಅಂದರೆ ಸರ್ವಿಸ್‌ಗೆ ಬಂದವರ ಹತ್ತಿರ ತಪ್ಪದೆ ನೋಡಿಸಿ.

ಜಯನಗರ ನಿವೃತ್ತ | ಏಪ್ರಿಲ್ 7, ರಾತ್ರಿ 8:45

ಬಹಳ ಉಪಯುಕ್ತ ಮಾತು. ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು ತರಕಾರಿ ಡ್ರಾಯರ್ ಕೆಳಗೆ ಸೇರುತ್ತದೆ. ಕೊತ್ತಂಬರಿ ಸೊಪ್ಪಿನ ಒಂದು ಎಲೆ ಸಾಕು ಅದನ್ನು ಮುಚ್ಚಲು. ಕಿವಿ ಒರೆಸುವ ಹತ್ತಿಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಸ್ವಲ್ಪ ಬೆಚ್ಚಗಿನ ನೀರು ಬಿಡಿ.

ಇನ್ನೊಂದು ಸಂಗತಿ, ಹವಾಮಾನ ವರ್ಗ. ತರಕಾರಿ ಡ್ರಾಯರ್ ಪಕ್ಕದ ಅದೇ ಚೀಟಿಯಲ್ಲಿ ಎನ್, ಎಸ್‌ಟಿ ಅಥವಾ ಟಿ ಎಂದು ಇರುತ್ತದೆ. ಸುತ್ತಲಿನ ಗಾಳಿ ಎನ್ ವರ್ಗಕ್ಕೆ 16ರಿಂದ 32 ಡಿಗ್ರಿ, ಎಸ್‌ಟಿಗೆ 38ರವರೆಗೆ, ಟಿಗೆ 43ರವರೆಗೆ ಇರಬಹುದು. ನಮ್ಮ ಊರು ತಂಪು ಎನ್ನುವ ಹಳೆಯ ನಂಬಿಕೆಯಲ್ಲಿ ಎನ್ ಕೊಳ್ಳಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಮುಟ್ಟಿತ್ತು. ಒಲೆ ಉರಿಯುವ ಅಡುಗೆಮನೆ ಹೊರಗಿಗಿಂತ ಬಿಸಿ, ಗಾಳಿ ಕಟ್ಟಿದ ಗೂಡು ಅಡುಗೆಮನೆಗಿಂತ ಬಿಸಿ. ಈ ಮನೆಯಲ್ಲಿ ಆದದ್ದು ಅದೇ. ಡಬ್ಬಗಳು ದಸರೆ ಮುಗಿದಾಗಿನಿಂದ ಅಲ್ಲಿದ್ದಿರಬೇಕು, ಚಳಿಗಾಲ ಹೇಗೋ ದಾಟಿಸಿತು, ಏಪ್ರಿಲ್ ಬಿಸಿಲಿಗೆ ತಡೆಯಲಿಲ್ಲ.

ಕೆಂಗೇರಿ ಉಪನಗರ | ಏಪ್ರಿಲ್ 7, ರಾತ್ರಿ 9:20

ಕರೆಂಟ್ ಹೋದಾಗ ಏನು ಮಾಡಬೇಕು ಸರ್? ಮಳೆ ಶುರುವಾದರೆ ನಮ್ಮಲ್ಲಿ ಗಂಟೆಗಟ್ಟಲೆ ಹೋಗುತ್ತೆ.

ಜಯನಗರ ನಿವೃತ್ತ | ಏಪ್ರಿಲ್ 7, ರಾತ್ರಿ 9:41

ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟ ಫ್ರಿಡ್ಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ಹೋಗಿ ಬಂದು ಮಾಡುತ್ತಿದ್ದರೆ ಸ್ವಿಚ್ ತೆಗೆದು, ಸ್ಥಿರವಾದ ಐದು ನಿಮಿಷದ ಮೇಲೆ ಹಾಕಿ. ಅದಕ್ಕಾಗಿಯೇ ಪ್ಲಗ್ ಪಕ್ಕದ ಕಪಾಟಿನಲ್ಲಿ, ಕೈಗೆ ಸಿಗುವ ಹಾಗೆ ಇರಬೇಕು. ಫ್ರಿಡ್ಜ್ ಬೆನ್ನ ಹಿಂದೆ ಕೊಟ್ಟ ಪ್ಲಗ್ ಯಾರಿಗೂ ಉಪಯೋಗವಿಲ್ಲ. ಸ್ಟೆಬಿಲೈಸರ್ ಇದ್ದರೆ ಅದನ್ನೂ ಬಿಸಿಗಾಳಿ ಏರುವ ದಾರಿಯಲ್ಲಿ ತುರುಕಬೇಡಿ.

ಬನಶಂಕರಿ ಮನೆ | ಮೇ 11, ಬೆಳಿಗ್ಗೆ 7:30

ಒಂದು ತಿಂಗಳಾಯಿತು, ಹೇಳಿ ಹೋಗೋಣ ಅಂತ ಬಂದೆ. ಆಮೇಲೆ ಇಡೀ ಏಪ್ರಿಲ್ 4ರ ಆಸುಪಾಸಲ್ಲೇ ಇತ್ತು, ಬಹಳ ಅಂದರೆ 4.6. ಗ್ಯಾಸ್ ತುಂಬಿಸಲಿಲ್ಲ. ಸ್ಕರ್ಟಿಂಗ್‌ಗೆ ಹೆಬ್ಬಾಳದವರು ಹೇಳಿದಂಥ ಸ್ಟೀಲ್ ಜಾಲರಿ ಹಾಕಿಸಿದೆವು, ಗೊಂಬೆ ಡಬ್ಬಗಳು ಈಗ ಮಂಚದ ಕೆಳಗಿವೆ. ಕಾಗದ ಸಿಕ್ಕಿಸಿ ನೋಡಿದಾಗ ಬಾಗಿಲಿನ ಹಿಂಜಿನ ಕಡೆ ಸಡಿಲವಿತ್ತು. ರಬ್ಬರ್ ಮಡಿಕೆಯಲ್ಲಿ ಒಣಗಿದ ಹಿಟ್ಟು ಸಿಕ್ಕಿತು ಮಲ್ಲೇಶ್ವರದ ಅಮ್ಮಾ, ನೀವು ಹೇಳಿದ ಹಾಗೇ.

ಲೋಟದ ಥರ್ಮಾಮೀಟರ್ ಈಗ ಅತ್ತೆಯವರ ಸುಪರ್ದಿಗೆ ಹೋಗಿದೆ. ಬೆಳಿಗ್ಗೆ ಇಂಜೆಕ್ಷನ್ ತೆಗೆಯುವಾಗ ನೋಡಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಲ್ಲಿ ಬರೆದಿಡ್ತಾರೆ. ಆಯುಧ ಪೂಜೆ ದಿನದ ಪಕ್ಕ ಅವರೇ "ಫ್ರಿಡ್ಜ್" ಅಂತಲೂ ಬರೆದಿದ್ದಾರೆ.

ಒಂದೇ ಕೆಲಸ ಬಾಕಿ. ಸ್ಕರ್ಟಿಂಗ್ ತೆಗೆದು ಹಾಕುವಾಗ ಒಳಗಿನ ಕಪ್ಪು ಪ್ಲಾಸ್ಟಿಕ್ ಕ್ಲಿಪ್ ಒಂದು ಮುರಿಯಿತು. ಬಿಡಿಯಾಗಿ ಸಿಗುತ್ತಾ?

ಹೆಬ್ಬಾಳ ಇಂಟೀರಿಯರ್ | ಮೇ 11, ಬೆಳಿಗ್ಗೆ 9:05

ಸಿಗುತ್ತೆ ಮೇಡಂ, ಮಾಡ್ಯುಲರ್ ಕಿಚನ್ ಸಾಮಾನು ಮಾರುವ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕರ್ಟಿಂಗ್ ಕ್ಲಿಪ್ ಅಂತ ಕೇಳಿ. ಯೂನಿಟ್ ಕಾಲಿನ ದಪ್ಪ ಅಳೆದುಕೊಂಡು ಹೋಗಿ, ಮುರಿದದ್ದನ್ನೂ ತೆಗೆದುಕೊಂಡು ಹೋಗಿ. ಎರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ, ಆಯುಧ ಪೂಜೆಗೆ ಮತ್ತೆ ಬಿಚ್ಚಬೇಕಲ್ಲ.